ರಂಗಸಾಮಿಯ ಅಂಗಡಿಯಲ್ಲಿದ್ದ ಸಾಮಾನು

ಈಶ್ವರೀ, ನಿನ್ನ ಕಾರು ಕೆಟ್ಟು ನಿಂತದ್ದು ನಿಜ. ಅದಕ್ಕೆ ಬೇಕಾದ ಸಾಮಾನು ಎಲ್ಲೂ ಸಿಗುವುದಿಲ್ಲ ಎಂಬುದು ಸುಳ್ಳು. ಆ ಸುಳ್ಳು ಹೇಳಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ, ಕಂಬಂನಲ್ಲಿ ಕಾರು ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವವನು. ಬಾಯಿ ತಪ್ಪಿ ಬಂದ ಮಾತಲ್ಲ ಅದು. ತಿಳಿದೇ ಹೇಳಿದೆ.

ಕಾರಿನ ಅಡಿಯಲ್ಲಿ ಏನಿರುತ್ತದೆ ಎಂದು ನಿನಗೆ ಯಾರೂ ತೋರಿಸಿಲ್ಲ. ತೋರಿಸಬೇಕಾದವನು ನಾನೇ ಆಗಿದ್ದೆ. ಕಂಪನಿ ಒಂದೇ. ಒಂದೇ ಅಡಿಭಾಗ ಮಾಡಿ, ಮೇಲೆ ಎರಡು ಬಗೆಯ ತಗಡು ಹೊದಿಸಿ, ಎರಡು ಹೆಸರು ಅಂಟಿಸಿ, ಎರಡು ಶೋರೂಮಿನಲ್ಲಿ ಮಾರುತ್ತಾರೆ. ಒಂದು ಉಳ್ಳವರ ಹೆಸರು, ಇನ್ನೊಂದು ನಮ್ಮಂಥವರದು. ದಿಂಡಿಗಲ್ಲಿನಲ್ಲಿ ಕೆಲಸ ಕಲಿಯುವಾಗ ಎರಡನ್ನೂ ಎತ್ತಿ ನಿಲ್ಲಿಸಿ ಕೆಳಗಿನಿಂದ ನೋಡಿದ್ದೇನೆ. ಅದೇ ಆಕ್ಸಲ್, ಅದೇ ಸ್ಟೀರಿಂಗ್ ರ‍್ಯಾಕ್, ಬೋಲ್ಟು ಕೂಡ ಅದೇ ಜಾಗದಲ್ಲಿ. ಸಾಮಾನು ಬರುವ ಡಬ್ಬಿಯ ಮೇಲಿನ ಹೆಸರು ಮಾತ್ರ ಬೇರೆ.

ಭಾವ ಹೋದ ಮೇಲೆ ನೀನು ಕೊಂಡ ಹಳೇ ಕಾರು ದೊಡ್ಡ ಹೆಸರಿನದು. ನೀನು ಕಂಬಂನಿಂದ ಟೀಚರಮ್ಮಂದಿರನ್ನು ಕೂರಿಸಿಕೊಂಡು ಚಿನ್ನಮನೂರು, ಮಾರ್ಕಯನ್‌ಕೋಟ್ಟೈ ಶಾಲೆಗಳಿಗೆ ಬಿಟ್ಟುಬರುತ್ತಿದ್ದೆ. ಗಂಡ ಸತ್ತವಳು ಸ್ಟೀರಿಂಗ್ ಹಿಡಿದಳು ಎಂದು ನಕ್ಕವರೇ ಕೊನೆಗೆ ಆಸ್ಪತ್ರೆಗೆ ಹೋಗಲು ನಿನ್ನನ್ನು ಕರೆಯುತ್ತಿದ್ದರು. ಶಾಲೆ ತೆರೆದ ವಾರವೇ ಚಕ್ರ ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಹೋಯಿತು. ಆ ಹೆಸರಿನ ಶೋರೂಮು ತೇನಿಯಲ್ಲಿ ಆಗಲೇ ಬಾಗಿಲು ಹಾಕಿತ್ತು. ಇನ್ನೊಂದು ಹೆಸರಿನ ಸಾಮಾನು ನನ್ನ ಗ್ಯಾರೇಜಿನ ಎದುರು ಸಾಲಿನಲ್ಲೇ ಇತ್ತು — ರಂಗಸಾಮಿಯ ಅಂಗಡಿಯಲ್ಲಿ.

ರಂಗಸಾಮಿ! ನಮ್ಮ ಚಿಕ್ಕಪ್ಪನ ಮಗ. ಕುಲದೇವರ ಗುಡಿಯಲ್ಲಿ ಹಿರಿಯನ ತಲೆಗೆ ಮರ್ಯಾದೆಗೆಂದು ಪರಿವಟ್ಟದ ಬಟ್ಟೆ ಸುತ್ತುತ್ತಾರಲ್ಲ, ಅಪ್ಪ ತೀರಿಕೊಂಡ ಮೇಲೆ ಅದು ನನಗೆ ಬರಬೇಕಿತ್ತು. ಅವನು ಪೂಜಾರಿಯ ಕಿವಿ ಕಚ್ಚಿ ತನ್ನ ತಲೆಗೆ ಸುತ್ತಿಸಿಕೊಂಡ. ನೆಂಟರೆಲ್ಲರ ಎದುರು ನಾನು ಬರಿತಲೆಯಲ್ಲಿ ನಿಂತೆ. ಅವತ್ತೇ ಆಣೆ ಇಟ್ಟೆ, ಅವನ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು. ಗೇಣುದ್ದದ ಬಟ್ಟೆ, ಈಶ್ವರೀ. ಅದಕ್ಕೆ —

ನಿನಗೆ ವಿಷಯ ಹೇಳಿದವನೂ ಅವನೇ. ನೀನು ಓಡಿಬಂದು ಬಾಗಿಲಲ್ಲಿ ನಿಂತೆ. “ಅಣ್ಣಾ, ರಂಗಸಾಮಿ ಅಣ್ಣನ ಅಂಗಡೀಲಿ ಐತಂತೆ. ನಮ್ಮ ವಂಡಿಗೂ ಸೇರ್ತದಂತೆ. ತರ್ಲಾ?”

ನಾನು ತಲೆ ಎತ್ತಲಿಲ್ಲ. “ಅದು ಬೇರೆ ವಂಡಿ, ಇದು ಬೇರೆ ವಂಡಿ. ಸೇರಾದಿಲ್ಲ. ವಂಡಿ ವಿಷ್ಯ ಅವನಿಗೆ ತಿಳೀತದಾ, ನನಗೆ ತಿಳೀತದಾ?”

“ನಿನಗೇ ಅಣ್ಣಾ,” ಎಂದೆ ನೀನು. ಒಂದು ಮಾತು ಎದುರಾಡಲಿಲ್ಲ. ಬೈದಿದ್ದರೆ, ನನ್ನನ್ನು ದಾಟಿ ಹೋಗಿ ಅದನ್ನು ಕೊಂಡು ತಂದು ನನ್ನ ಮುಖಕ್ಕೆ ಎಸೆದಿದ್ದರೆ — ಇಲ್ಲ, ಇದೂ ನಿನ್ನ ಮೇಲೆ ಹೊರಿಸುವ ಮಾತೇ. ಅಣ್ಣನನ್ನು ನಂಬಿದ್ದು ನಿನ್ನ ತಪ್ಪಲ್ಲ.

ಟೀಚರುಗಳು ಎಷ್ಟು ದಿನ ಕಾಯುತ್ತಾರೆ? ಬೇರೆ ಕಾರು ನೋಡಿಕೊಂಡರು. ನೀನು ಕಾರನ್ನು ಬ್ರೋಕರ್ ಕೈಗೆ ಕೊಟ್ಟು, ವೇದಸಂದೂರಿನ ನೂಲಿನ ಮಿಲ್ಲಿಗೆ ಸೇರಿದೆ. ಬ್ರೋಕರ್ ಹಿಂದೆ ನಿಂತು ಅದನ್ನು ಕೊಂಡವನು ರಂಗಸಾಮಿ. ತನ್ನ ಅಂಗಡಿಯ ಡಬ್ಬಿ ಒಡೆದು, ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಸಾಮಾನು ಕೂರಿಸಿ, ನನ್ನ ಗ್ಯಾರೇಜಿನ ಮುಂದೆ ಹಾರನ್ ಹೊಡೆದುಕೊಂಡು ಹೋದ. ಅದು ಹೇಗೆ ಓಡಿತು ಎಂದು ನೀನು ಫೋನಿನಲ್ಲಿ ಕೇಳಿದಾಗ, ಚೆನ್ನೈಯಿಂದ ತರಿಸಿದನಂತೆ ಎಂದೆ. ಅದು ಎರಡನೆಯ ಸುಳ್ಳು. ನಾಲಿಗೆ ಸೇದಿ ಹೋಗಬೇಕಿತ್ತು, ಹೋಗಲಿಲ್ಲ.

ಎದುರಾಳಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಂಡ ಮೂರ್ಖನೊಬ್ಬನಿದ್ದನಂತೆ. ಅವನಾದರೂ ವಾಸಿ, ಸ್ವಂತ ಮೂಗು ಕೊಯ್ದುಕೊಂಡ. ನಾನು ಕೊಯ್ದದ್ದು ತಂಗಿಯದು. ಒಂದೇ ಕಾರಿಗೆ ಎರಡು ಹೆಸರಿಟ್ಟು ಊರಿನ ಕಣ್ಣಿಗೆ ಮಣ್ಣೆರಚುವ ಕಂಪನಿಯನ್ನು ಎಷ್ಟು ಬೈದಿದ್ದೇನೆ! ರಂಗಸಾಮಿಯನ್ನಂತೂ ಈಗ ನೆನೆದರೂ ಹಲ್ಲು ಕಡಿಯುತ್ತೇನೆ. ಆದರೆ ಕಂಪನಿಯವನು ನಿನಗೆ ಸುಳ್ಳು ಹೇಳಲಿಲ್ಲ. ರಂಗಸಾಮಿ, ಆ ಕಳ್ಳ, ನಿಜ ಹೇಳಿದ. ಮಿಲ್ಲಿನ ಅರಳೆಧೂಳು ಕುಡಿದು, ರಜೆಗೆ ಬಂದು ನೀನು ಕೆಮ್ಮುವಾಗ ಮಗ್ಗುಲಲ್ಲಿ ಕುಳಿತು ಮಾತ್ರೆ ತಗೋ ಎಂದವನು ನಾನು. ಥೂ, ನನ್ನ ಜನ್ಮಕ್ಕೆ!

ಮೊನ್ನೆ ನೀನು ಊರಿಗೆ ಬಂದೆ. ಇನ್ನು ಮಿಲ್ಲು ಸಾಕು, ಒಂದು ಕಾರು ನೋಡಿದ್ದೇನೆ ಎಂದೆ. ಮತ್ತೆ ಅದೇ ಕಂಪನಿಯದು, ಅದೇ ದೊಡ್ಡ ಹೆಸರು. ಕಾರಿನ ಫೋಟೋ ತೋರಿಸಿ ಕೇಳಿದೆ: “ಇದಕ್ಕೆ ಸಾಮಾನು ಸಿಗ್ತದಾ ಅಣ್ಣಾ? ನೀನು ಬೇಡ ಅಂದ್ರೆ ಬಿಟ್ಬುಡ್ತೀನಿ.” ಇಷ್ಟಾದ ಮೇಲೂ ನನ್ನನ್ನೇ ಕೇಳಿದೆ. ನೋಡಿ ಹೇಳುತ್ತೇನೆ ಎಂದು ನಾನು ತಪ್ಪಿಸಿಕೊಂಡೆ. ನೋಡುವುದು ಏನಿತ್ತು?

ಇದನ್ನು ಕೇಳಿದ ಮೇಲೆ ನೀನು ನನ್ನ ಮನೆಯಲ್ಲಿ ನೀರು ಮುಟ್ಟದಿದ್ದರೂ ಸರಿ. ಕ್ಷಮಿಸು ಎಂದು ಕೇಳಲಾರೆ, ಆ ಬಾಯಿ ನನಗಿಲ್ಲ. ನಾಳೆ ಬೆಳಿಗ್ಗೆ ರಂಗಸಾಮಿಯ ಅಂಗಡಿ ಮೆಟ್ಟಿಲು ಹತ್ತಿ, ಅವನ ಮುಂದೆಯೇ ನಿನಗೆ ಇದನ್ನು ಮತ್ತೊಮ್ಮೆ ಹೇಳುತ್ತೇನೆ. ಅವನು ನಗಲಿ.

ನೀನು ಕಾರು ತಗೋ, ಈಶ್ವರೀ. ಸಾಮಾನು ಸಿಗುತ್ತದೆ. ಆಗಲೂ ಸಿಗುತ್ತಿತ್ತು.