ಗೋಡೆಯಗಲದ ಕಣಕಟ್ಟೆ

ಹಳೆಯ ಗ್ರಾಮನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಅರಸೀಕೆರೆಯ ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಹೊಲಿಗೆ ಯಂತ್ರದ ಪಕ್ಕದ ಮೂಲೆ. ಎರಡು ಮಾನಿಟರ್ ಇಡಲು ಅಲ್ಲಿ ಜಾಗವಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಇಡೀ ಊರನ್ನು ತುಣುಕು ತುಣುಕಾಗಿ ನೋಡಿ ಸಾಕಾಗಿತ್ತು. ಕಳೆದ ವರ್ಷ ಕಚೇರಿಯವರು ಕಣ್ಣಿಗೆ ಕಟ್ಟಿಕೊಂಡು ನೋಡುವ ವಿ.ಆರ್. ಹೆಡ್‌ಸೆಟ್ ಕಳಿಸಿದರು.

ತಲೆಗೆ ಸಿಕ್ಕಿಸಿಕೊಂಡು ಕಣಕಟ್ಟೆ ಗ್ರಾಮದ ನಕ್ಷೆ ತೆರೆದೆ. ಅದರ ಕ್ಯಾಮೆರಾದ ಮೂಲಕ ಗೋಡೆ, ಹೊಲಿಗೆ ಯಂತ್ರ, ನನ್ನ ಕೈಬೆರಳು ಎಲ್ಲ ಕಾಣುತ್ತಲೇ ಇದ್ದವು. ಅವುಗಳ ಮುಂದೆ, ನೆಲದಿಂದ ಸೂರಿನವರೆಗೆ, ಕಣಕಟ್ಟೆ ಗಾಳಿಯಲ್ಲಿ ನಿಂತಿತ್ತು. ಒಂದೊಂದು ಹೊಲವೂ ಅಂಗೈಯಗಲ. ಎಷ್ಟೋ ಹೊತ್ತು ನಾನು ಕೀಬೋರ್ಡ್ ಮುಟ್ಟಲೇ ಇಲ್ಲ.

ಆದರೂ ಒಂದು ತೊಡಕು ಬಗೆಹರಿಯಲಿಲ್ಲ. ಆ ನಕ್ಷೆ ಎರಡು ಹಾಳೆಯದು. ಅಂಚಿಗೆ ಅಂಚು ಸೇರಿಸಿದರೆ ಹೊಲದ ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಎರಡು ದಿನ ಒದ್ದಾಡಿದೆ.

ನಮ್ಮ ಮಾವ ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಕಣಕಟ್ಟೆ ಸೀಮೆಯಲ್ಲೆಲ್ಲ ಸರಪಳಿ ಎಳೆಸಿ ಹೊಲ ಅಳೆದಿದ್ದವರು. ಈಗ ಪೇಪರ್ ಓದಲೂ ಭೂತಗನ್ನಡಿ ಬೇಕು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಏನಮ್ಮ ಅದು, ಗಾಳೀಲಿ ಕೈಯಾಡಿಸ್ತೀಯ?"

"ಕಣಕಟ್ಟೆ ನಕ್ಷೆ, ಮಾವ. ನೀವೂ ನೋಡಿ."

ಕನ್ನಡಕ ತೆಗೆಸಿ, ಪಟ್ಟಿ ಸಡಿಲಿಸಿ ತೊಡಿಸಿದೆ. ಅವರಿಗೆ ಕಾಣುವುದು ನನ್ನ ಲ್ಯಾಪ್‌ಟಾಪಿನಲ್ಲೂ ಕಾಣುವಂತೆ ಮಾಡಿದೆ. ಮಾವ ಒಂದು ಹೆಜ್ಜೆ ಮುಂದಿಟ್ಟರು, ಮತ್ತೊಂದು. ಆಮೇಲೆ ನಿಧಾನವಾಗಿ ಸರ್ವೆ ನಂಬರುಗಳನ್ನು ಓದತೊಡಗಿದರು, ಭೂತಗನ್ನಡಿಯಿಲ್ಲದೆ.

"ಇಲ್ಲಿ ಬಾವಿ ಐತೆ ಕಣಮ್ಮ. ಇದು ಗಾಡಿದಾರಿ. ಇಲ್ಲಿ ಬಿಸಿಲಿಗೆ ನಿಲ್ಲಕ್ಕೆ ಒಂದು ಮರಾನೂ ಇರಲಿಲ್ಲ." ಗೋಡೆಯುದ್ದಕ್ಕೂ ನಡೆಯುತ್ತ ಹೇಳುತ್ತಿದ್ದರು. ಎಡವದಿರಲಿ ಎಂದು ನಾನು ಅವರ ಮೊಣಕೈ ಹಿಡಿದಿದ್ದೆ. ಹಾಳೆಗಳು ಕೂಡುವ ಕಡೆ ಅವರು ನಿಂತುಬಿಟ್ಟರು.

"ಯಾವ ಕಲ್ಲು ಹಿಡಿದು ಜೋಡಿಸಿದೀಯ?"

ಎರಡೂ ಹಾಳೆಯಲ್ಲಿ ಇರುವುದೆಂದು ನಾನು ಹಿಡಿದಿದ್ದ ಗಡಿಕಲ್ಲಿನ ಗುರುತನ್ನು ತೋರಿಸಿದೆ.

"ಅದಲ್ಲ. ಅದು ಗುಡಿ ಜಾಗದ ಕಲ್ಲು. ಊರಗಡಿ ಕಲ್ಲು ಅದರಿಂದ ಮೂಡಲಿಗೈತೆ, ಹಳ್ಳದ ದಡದಲ್ಲಿ. ಅಲ್ಲಿ ಕೂತು ನಾವು ಬುತ್ತಿ ಬಿಚ್ಚುತಿದ್ವಿ."

ಹಾಳೆಯಲ್ಲಿ ಹುಡುಕಿದೆ. ಹಳ್ಳದ ಗೆರೆಯ ಪಕ್ಕ ಮಾಸಿದ ಒಂದು ಗುರುತಿತ್ತು, ಶಾಯಿಯ ಕಲೆ ಎಂದು ನಾನು ಬಿಟ್ಟಿದ್ದದ್ದು. ಅದನ್ನು ಹಿಡಿದು ಎರಡನೆಯ ಹಾಳೆ ಸರಿಸಿದೆ. ಗೆರೆಗೆ ಗೆರೆ ಕೂಡುತ್ತ ಹೋಯಿತು. ಗಾಡಿದಾರಿ ಈ ಹಾಳೆಯಿಂದ ಆ ಹಾಳೆಗೆ ಸಲೀಸಾಗಿ ಹರಿಯಿತು. ನನಗೆ ಬರೀ ಗೆರೆಯಾಗಿದ್ದದ್ದು ಈ ಮನುಷ್ಯನ ಕಾಲಿಗೆ ಇನ್ನೂ ನೆನಪಿತ್ತು.

ಹೆಡ್‌ಸೆಟ್ ತೆಗೆದಾಗ ಅವರ ಹಣೆಯ ಮೇಲೆ ಕೆಂಪು ಗೆರೆ ಮೂಡಿತ್ತು.

"ಕತ್ತು ನೋಯ್ತಾ, ಮಾವ?"

"ನೋಯ್ತು," ಎಂದರು. ಕತ್ತು ನೀವಿಕೊಳ್ಳುತ್ತ, "ಹಾರನಹಳ್ಳಿ ನಕ್ಷೆ ಯಾವಾಗ ಬತ್ತದೆ?" ಎಂದು ಕೇಳಿದರು.