ಚೌಕಮ್ಮನ ವಿಳಾಸ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ತಿಂಗಳಿಗೊಂದು ಪದಬಂಧದ ಹಾಳೆ ಅಚ್ಚು ಹಾಕಿಸುತ್ತಾರೆ. ಓದುಗರಿಗೆ ಅವರು ಗೊತ್ತಿರುವುದು ‘ಚೌಕಮ್ಮ’ ಎಂಬ ಹೆಸರಿನಿಂದ. ಮುಡಿಯಲ್ಲಿ ಸದಾ ಒಂದು ಪೆನ್ಸಿಲು. ತರಕಾರಿ ಹೆಚ್ಚುತ್ತಿದ್ದವರು ಇದ್ದಕ್ಕಿದ್ದಂತೆ, “ದಡ್ಡರಿಗೆ ಮೂರಕ್ಷರದ್ದೊಂದು ಹೇಳೇ” ಎನ್ನುವರು. ಅಪ್ಪ ತಟ್ಟೆಯಿಂದ ತಲೆಯೆತ್ತದೆ ನನ್ನ ಹೆಸರು ಹೇಳುವರು.

ತೊಂದರೆಯಿದ್ದದ್ದು ಹಾಳೆಯ ಬೆನ್ನಿನಲ್ಲಿ. ಉತ್ತರ ಕಳಿಸಬೇಕಾದ ವಿಳಾಸವೆಂದು ನಮ್ಮ ಮನೆಯದೇ ಅಚ್ಚಾಗುತ್ತಿತ್ತು. ಉತ್ತರ ಕಳಿಸುವ ಬದಲು ಜನ ತಾವೇ ಬರತೊಡಗಿದರು. ‘ಗೋಡೆಯ ಮೇಲೆ ಓಡುವುದು’ ಎಂಬ ಸುಳಿವಿಗೆ ಅತ್ತೆಯ ಉತ್ತರ ಹಲ್ಲಿ. ನಿವೃತ್ತ ಮೇಷ್ಟ್ರೊಬ್ಬರು ಬಂದು, ತಮ್ಮ ಮನೆಯಲ್ಲಿ ಇಲಿಯೂ ಗೋಡೆ ಹತ್ತುತ್ತದೆ, ಬೇಕಾದರೆ ಬಂದು ನೋಡಿ ಎಂದು ಎರಡು ಲೋಟ ಕಾಫಿ ಮುಗಿಯುವವರೆಗೂ ವಾದಿಸಿದರು.

ಅಪ್ಪ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಕರೆಗಂಟೆ ಹೊಡೆದಾಗಲೆಲ್ಲ ಎದ್ದು ಕೂತು ಸಾಕಾಗಿ, ಒಂದು ದಿನ ಕಂಬಳಿ ಹೊದ್ದುಕೊಂಡೇ ನಡುಮನೆಗೆ ಬಂದರು.

“ಅಕ್ಕಾ, ಕೈ ಮುಗೀತೀನಿ. ಒಂದೋ ಈ ಜನ ಬರೋದು ನಿಲ್ಲಬೇಕು, ಇಲ್ಲ ನಿನ್ನ ಹಾಳೆ ನಿಲ್ಲಬೇಕು. ಈ ತಿಂಗಳಲ್ಲಿ ಏನಾದ್ರೂ ದಾರಿ ಹುಡುಕು.”

ಅತ್ತೆಯ ಮುಖ ಸಪ್ಪಗಾಯಿತು. ಆಯುಷ್ಯವಿಡೀ ಅಚ್ಚಿನ ಮನೆಯಲ್ಲಿ ಕೂತು ಬೇರೆಯವರ ತಪ್ಪು ತಿದ್ದಿದವರಿಗೆ, ತಮ್ಮದು ಎನ್ನಲು ಇದ್ದದ್ದು ಈ ಹಾಳೆ ಒಂದೇ. ಅದೂ ನಿಂತುಹೋದರೆ ಇವರು ಮಂಕಾಗಿಬಿಡುತ್ತಾರೆಂದು ನನಗೆ ನಿಜಕ್ಕೂ ಭಯವಾಯಿತು.

ಅಂಚೆ ಕಚೇರಿಯ ಬಾಡಿಗೆ ಪೆಟ್ಟಿಗೆಗಳಲ್ಲಿ ಒಂದೂ ಖಾಲಿಯಿರಲಿಲ್ಲ. ಆದರೆ ಕಾಗದ ತಲುಪಿಸುವ ಖಾಸಗಿ ಕಚೇರಿಗಳು ಮೂರು ಇದ್ದವು. ಅವರು ತಮ್ಮ ವಿಳಾಸ ನಮಗೆ ಕೊಡುತ್ತಾರೆ. ನಮಗೆ ಬಂದ ಕಾಗದಗಳನ್ನು ಕಟ್ಟು ಕಟ್ಟಿ ಮನೆಗೆ ಕಳಿಸುತ್ತಾರೆ. ನಮ್ಮ ಮನೆ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಅತ್ತೆ ಮೂರೂ ಕಡೆ ಫೋನು ಮಾಡಿ ಚೌಕಮ್ಮನ ಹೆಸರಿನಲ್ಲಿ ಸೇರಿಕೊಂಡರು. ಆಮೇಲೆ ನನ್ನನ್ನು ಕರೆದರು.

“ಗುಟ್ಟು ಕಾಪಾಡ್ತೀವಿ ಅಂತ ಬೋರ್ಡಲ್ಲಿ ಎಲ್ಲರೂ ಬರೆಸಿರ್ತಾರೆ ಕಣೇ. ನೀನು ಹೋಗಿ ಚೌಕಮ್ಮನ ಮನೆ ಎಲ್ಲಿ ಅಂತ ಕೇಳು. ಹೇಳಿದೋರ ಸಹವಾಸ ನಮಗೆ ಬೇಡ.”

ಮೊದಲ ಕಚೇರಿಯ ಹುಡುಗಿ ಕಂಪ್ಯೂಟರ್ ನೋಡಿ, “ಬರ್ಕೊಳ್ಳಿ ಅಕ್ಕ” ಎಂದು ಮನೆ ನಂಬರಿನ ಸಮೇತ ಹೇಳಿದಳು. ಬರೆದುಕೊಳ್ಳಲು ಪೆನ್ನನ್ನೂ ಅವಳೇ ಕೊಟ್ಟಳು. ಎರಡನೆಯ ಕಡೆ ಒಬ್ಬ ಹಿರಿಯರು ಕೆನ್ನೆ ಬಡಿದುಕೊಂಡರು. “ಛೇ ಛೇ, ವಿಳಾಸ ಕೊಡೋ ಹಾಗೇ ಇಲ್ಲಮ್ಮ. ನಮ್ಮಲ್ಲಿ ತುಂಬಾ ಕಟ್ಟುನಿಟ್ಟು. ಬೇಕರಿ ಎದುರುಗಡೆ, ಹಸಿರು ಗೇಟು, ಅಷ್ಟು ಬೇಕಾದ್ರೆ ಹೇಳಬಹುದು.”

ಮೂರನೆಯದು ಬೀಗದ ಅಂಗಡಿಯ ಮೇಲಿನ ಒಂದೇ ಕೋಣೆ. ದೊಡ್ಡ ಮೀಸೆಯ ಸಣಕಲ ಮನುಷ್ಯರೊಬ್ಬರು ಕಾಗದಗಳನ್ನು ಮುಖ ಕೆಳಗೆ ಮಾಡಿ ಜೋಡಿಸುತ್ತಿದ್ದರು. ಚೌಕಮ್ಮ ಎಂಬ ಹೆಸರನ್ನೇ ತಾವು ಕೇಳಿಲ್ಲ ಎಂದುಬಿಟ್ಟರು. ನಾನು ಬಿಡಲಿಲ್ಲ. ಅವರು ನನ್ನ ಸ್ವಂತ ಅತ್ತೆ, ಜಗಳವಾಡಿ ದೂರಾಗಿದ್ದೇವೆ ಎಂದು ಕಣ್ಣೀರೂ ಹಾಕಿದೆ. ಮೀಸೆಯಣ್ಣ ಕುಡಿಯಲು ನೀರು ಕೊಟ್ಟರೇ ಹೊರತು ವಿಳಾಸ ಕೊಡಲಿಲ್ಲ. ನನಗೆ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಅತ್ತಿದ್ದೆ.

ಅತ್ತೆಯಂತೂ ಕುಣಿದಾಡಿಬಿಟ್ಟರು. ಹೊಸ ಹಾಳೆ ಮೀಸೆಯಣ್ಣನ ಕೋಣೆಯ ವಿಳಾಸ ಹೊತ್ತು ಹೊರಟಿತು. ನಮ್ಮ ಕರೆಗಂಟೆ ಬಾಯಿ ಮುಚ್ಚಿತು, ಅಪ್ಪನ ಗೊರಕೆ ಬೀದಿಗೆಲ್ಲ ಕೇಳಿಸಿತು.

ಒಂದೇ ಒಂದು ಕೆಲಸ ಬಾಕಿಯಿತ್ತು. ಯಾರದೋ ಕಾಗದ ಯಾರೋ ಹೊಡೆದುಕೊಂಡು ಹೋಗಬಾರದೆಂದು ಮೀಸೆಯಣ್ಣ ಮೊದಲ ಕಟ್ಟನ್ನು ಖುದ್ದಾಗಿ ಬಂದವರ ಕೈಗೇ ಕೊಡುತ್ತಿದ್ದರು. ಮಹಾ ಬುದ್ಧಿವಂತರಾದ ನಾವಿಬ್ಬರೂ ಜೊತೆಯಾಗಿ ಮೆಟ್ಟಿಲು ಹತ್ತಿದೆವು. ಮೀಸೆಯಣ್ಣ ನನ್ನನ್ನು ನೋಡಿದವರೇ ಕಟ್ಟನ್ನು ಮೇಜಿನ ಕೆಳಗೆ ಇಳಿಸಿದರು.

“ಮೊನ್ನೆ ಅತ್ಕೊಂಡು ಬಂದ್ರಿ. ಇವತ್ತು ಯಾರನ್ನೋ ಚೌಕಮ್ಮ ಮಾಡ್ಕೊಂಡು ಬಂದ್ರಾ?”

“ಅಯ್ಯೋ, ಅದು ಪರೀಕ್ಷೆ ಕಣಣ್ಣ!” ಎಂದೆ.

“ಇದೂ ಪರೀಕ್ಷೆನೇ ಅನ್ಕೊಳ್ಳಿ.”

ಅತ್ತೆ ಗುರುತಿನ ಚೀಟಿ ತೆಗೆದರು. ಆದರೆ ಅದರಲ್ಲಿ ಚೌಕಮ್ಮ ಎಂದು ಎಲ್ಲಿರಬೇಕು? ಬರಿಗೈಯಲ್ಲಿ ಹೋದರೆ ಹಾಳೆಯ ಕಥೆ ಮುಗಿದಂತೆ. ಮೀಸೆಯಣ್ಣ ಮೇಜಿನ ಖಾನೆಯಿಂದ ಅತ್ತೆಯ ಹಾಳೆಯನ್ನೇ ಹೊರತೆಗೆದರು. ಒಂದು ಕಡೆ ರಬ್ಬರು ಉಜ್ಜಿ ಉಜ್ಜಿ ಕಾಗದ ಸವೆದಿತ್ತು.

“ಇದೊಂದು ಕೂತಿಲ್ಲ ನಂಗೆ. ‘ಕೊಟ್ಟ ಮೇಲೂ ಉಳಿಸಿಕೊಳ್ಳಬೇಕಾದದ್ದು, ಎರಡಕ್ಷರ.’ ಗುಟ್ಟು ಅಂತ ಹಾಕಿದ್ರೆ ಮೇಲಿಂದ ಬರೋ ಪದಕ್ಕೆ ಕೂಡಲ್ಲ. ಮಾಡಿದೋರು ನೀವೇ ಆಗಿದ್ರೆ ಉತ್ತರ ಹೇಳಿ, ಕಟ್ಟು ತಗೊಂಡು ಹೋಗಿ.”

“ಹೇಳಿಬಿಡಿ ಅತ್ತೆ” ಎಂದು ನಾನು ಪಿಸುಗುಟ್ಟಿದೆ.

ಅತ್ತೆ ಸೆಟೆದು ನಿಂತರು. “ಶನಿವಾರದ ತನಕ ಗಡುವಿದೆ. ಅದಕ್ಕೆ ಮುಂಚೆ ಯಾರಪ್ಪ ಕೇಳಿದ್ರೂ ಹೇಳಲ್ಲ.”

“ಹಾಗಾದ್ರೆ ಕಟ್ಟು ಬೇಡ್ವಾ?”

“ಬೇಕು. ಸಿಗದೇ ಇದ್ರೆ ನನ್ನ ಹಾಳೆನೇ ನಿಂತುಹೋಗತ್ತೆ. ಹೋದ್ರೆ ಹೋಗಲಿ.” ಅತ್ತೆ ಮುಡಿಯ ಪೆನ್ಸಿಲು ಕಿತ್ತು ಮೇಜಿಗೆ ಕುಟ್ಟಿದರು. “ಗಡುವಿಗೆ ಮುಂಚೆ ಬಾಯಿ ಬಿಡಲ್ಲ ಅಂತ ಅಷ್ಟೂ ಜನಕ್ಕೆ ಮಾತು ಕೊಟ್ಟಿದ್ದೀನಿ. ಕೊಟ್ಟ ಮಾತು ಉಳಿಸ್ಕೊಳ್ಳದೆ...”

ಅಷ್ಟಕ್ಕೇ ನಿಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮೀಸೆಯಣ್ಣ ಸುಳಿವನ್ನು ಇನ್ನೊಮ್ಮೆ ಓದಿದರು. ಬೆರಳಲ್ಲಿ ಎರಡಕ್ಷರ ಎಣಿಸಿದರು. ‘ಗುಟ್ಟು’ ಅಳಿಸಿ, ಸಾವಕಾಶವಾಗಿ ಬರೆದು, ಮೇಲಿನ ಪದಕ್ಕೆ ಕೂಡಿತೇ ಎಂದು ನೋಡಿಕೊಂಡರು. ಮೀಸೆಯ ಎರಡೂ ತುದಿ ಮೇಲೇರಿದವು.

“ತಗೊಳ್ಳಿ ಚೌಕಮ್ಮನೋರೇ” ಎಂದು ಕಟ್ಟನ್ನು ಎತ್ತಿ ಮೇಜಿನ ಮೇಲಿಟ್ಟರು. “ಬೇರೆ ಯಾರಾದ್ರೂ ಆಗಿದ್ರೆ ಬಾಯಿಗೆ ಬಂದಿದ್ದೊಂದು ಹೇಳಿ ನೋಡೋರು. ಇನ್ಮೇಲೆ ಕಾಗದ ಮನೆಗೇ ಬರತ್ತೆ.”

ಅತ್ತೆಯ ಮುಖ ಕೆಂಪೇರಿತ್ತು. “ಈ ಸಲ ನೀವು ಉತ್ತರ ಕಳಿಸೋ ಹಾಗಿಲ್ಲ. ಯಾರ ಹತ್ರನೂ ಹೇಳೋ ಹಾಗೂ ಇಲ್ಲ.”

“ಇಲ್ಲ ಕಣಮ್ಮ. ಮಾತು ಕೊಟ್ಟೆ.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಕಟ್ಟನ್ನು ಎದೆಗವಚಿಕೊಂಡು, “ಉಳಿಸ್ಕೊಳ್ಳಿ ಮತ್ತೆ” ಎಂದರು.