ಮೂರು ಕೌಂಟರ್, ಒಂದೇ ಜನನ ಪತ್ರ

"ನಿನ್ನ ಹೆಂಡತಿ ನಿನ್ನನ್ನು ಬಿಟ್ಟುಹೋದದ್ದು ಯಾವಾಗ?"

ವೀಸಾ ಕಚೇರಿಯ ಸಾಹೇಬ ಹೀಗೆ ಕೇಳಿದಾಗ ನಾನು ಗಲ್ಫಿಗೆ ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಝೊಹರಾ ಮತ್ತು ಹಸುಗೂಸು ಮಗಳು ಸಫಿಯಾಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದೆ. ನನ್ನ ಮನೆ ಪುಂಜಾಲಕಟ್ಟೆ, ಮಗು ಹುಟ್ಟಿದ್ದು ಝೊಹರಾಳ ತವರು ಮೂಡುಬಿದಿರೆಯಲ್ಲಿ. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಎಂಬುದನ್ನು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈ ಮಹಾನುಭಾವನಿಗೆ ಮಾತ್ರ ಅದು ತಲಾಖ್ ಆಗಿ ಕಂಡಿತು. ಹೆಂಡತಿ ನಿನ್ನವಳೇ ಎಂಬುದಕ್ಕೆ ಪುರಾವೆ ತಾ ಎಂದ. ಆ ಕ್ಷಣದಲ್ಲೇ ನಾನು ಅವನ ಮೇಲೆ ಹಗೆ ಕಟ್ಟಿಕೊಂಡೆ.

ಈ ನಗರದ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ದಾಖಲೆ ಕೇಳಿಯಾರು. ಆ ಕಚೇರಿಯ ಎದುರಿಗೇ ಇದ್ದ ಟೈಪಿಂಗ್ ಅಂಗಡಿಯಲ್ಲಿ ಜನರ ಅರ್ಜಿಗಳನ್ನು ಅರಬಿಯಲ್ಲಿ ಟೈಪು ಮಾಡಿಕೊಡುವುದು ನನ್ನ ಕೆಲಸ. ಆರು ಜನರ ಕೋಣೆಯಲ್ಲಿ ಮೇಲಿನ ಮಂಚ ನನ್ನದು. ಬೆಳಿಗ್ಗೆ ಗಂಜಿಯ ಬದಲು ಖುಬ್ಬೂಸ್ ಎಂಬ ರೊಟ್ಟಿ. ಬಿಸಿಯಿದ್ದಾಗ ಪರವಾಗಿಲ್ಲ, ಆರಿದರೆ ಹಲ್ಲಿಗೆ ಕಷ್ಟ. ಮೊದಲು ಕಲಿತ ಮಾತು 'ಬುಕ್ರಾ', ಅಂದರೆ ನಾಳೆ. ಬಂಟ್ವಾಳದ ಕಚೇರಿಗಳಲ್ಲೂ ನಾಳೆ ಬಾ ಅನ್ನುತ್ತಾರೆ. ಆದರೆ ಅಲ್ಲಿ ಗುಮಾಸ್ತನಿಗೆ ನಮ್ಮ ಮಾವನ ಪರಿಚಯ ಇರುತ್ತದೆ, ನಾಲ್ಕು ಮಾತು ಬೈದು ಬರಬಹುದು. ಇಲ್ಲಿ ಬೈಯಲಿಕ್ಕೂ ಗತಿಯಿಲ್ಲ.

ಜನನ ಪತ್ರದ ಅಸಲನ್ನು ವೀಸಾ ಕಚೇರಿ ಇಟ್ಟುಕೊಂಡಿತು. ಅದೇ ಅಸಲು ತೋರಿಸಿ ಎಂದಿತು ಇಲ್ಲಿರುವ ನಮ್ಮ ದೇಶದ ಕಚೇರಿ. ಝೊಹರಾ ಮತ್ತೊಂದು ಮಾಡಿಸಿ ಕಳಿಸಿದಳು. ಅದು ತಲುಪುವಾಗ ಮೊದಲಿನದರ ಮುದ್ರೆ ಹಳೆಯದಾಯಿತು ಎಂದರು ವೀಸಾದವರು. ಆರೋಗ್ಯ ಕಚೇರಿಯವರಿಗೆ ಇನ್ನೊಂದು ಬೇಕಾಯಿತು.

"ಪುನಃ ಎಂತಕ್ಕೆ? ಮೊನ್ನೆ ಕೊಟ್ಟದ್ದು ಎಲ್ಲಿ ಉಂಟು?" ಎಂದು ಝೊಹರಾ ಫೋನಿನಲ್ಲಿ ಅತ್ತಳು. "ಇಲ್ಲಿಯ ಕಚೇರಿಯಲ್ಲಿ ನನ್ನನ್ನು ನೋಡಿದರೆ ಸಾಕು, ನಗ್ತಾರೆ."

ಸಫಿಯಾ ನಡೆಯಲು ಕಲಿತದ್ದು, ಮಾತು ಕಲಿತದ್ದು ಎಲ್ಲವೂ ನನಗೆ ಫೋನಿನಲ್ಲೇ ತಿಳಿಯಿತು. ಹೀಗೆ ಮೂರು ವರ್ಷ ಹೋಯಿತು. ಅಂಗಡಿಗೆ ಬರುವವರಲ್ಲಿ ಅರ್ಧ ಜನರದು ಇದೇ ಗೋಳು. ಯಾವ ಕೌಂಟರ್ ಯಾರಿಂದ ಯಾವ ಕಾಗದವನ್ನು ಎಷ್ಟು ಸಲ ಕೇಳಿತು ಎಂದು ಒಂದು ಪುಸ್ತಕದಲ್ಲಿ ಬರೆಯತೊಡಗಿದೆ. ಸಾಹೇಬನ ಮೇಲಧಿಕಾರಿಯ ಮುಂದೆ ಅದನ್ನು ಬಿಸಾಡಿ ಅವನ ಮಾನ ಕಳೆಯಬೇಕೆಂಬುದು ನನ್ನ ಆಸೆ.

ಪಕ್ಕದಲ್ಲಿ ಬೆಳ್ತಂಗಡಿಯ ರಘುರಾಮ ಶೆಟ್ಟರ ಹೋಟೆಲು. ಪುಸ್ತಕ ನೋಡಿ ಅವರು ಹೇಳಿದರು: "ಬೈದು ಎಂತ ಸಿಗ್ತದೆ ಹಮೀದ್? ಮೂರು ಕಚೇರಿಯವರೂ ನನ್ನಲ್ಲಿಗೇ ಊಟಕ್ಕೆ ಬರ್ತಾರೆ ಮಾರಾಯ. ಒಟ್ಟಿಗೆ ಕೂರಿಸುವ."

"ಕೂರಿಸುವ ಶೆಟ್ರೆ. ಆದರೆ ಬಡಿಸುವುದು ನಾನು ಹೇಳಿದ ಮೇಲೆ."

ಶುಕ್ರವಾರ ಮಧ್ಯಾಹ್ನ ಸಾಹೇಬನೂ ಸೇರಿ ಮೂರು ಕಚೇರಿಯ ಮೂವರೂ ಬಂದರು. ಬಾಗಿಲಲ್ಲೇ ಒಂದು ಫಾರಂ ಕೊಟ್ಟೆ: ಹೆಸರು, ತಂದೆಯ ಊರು, ತಾಯಿಯ ತವರು, ಹುಟ್ಟಿದ ಸ್ಥಳ. ನಗುತ್ತ ತುಂಬಿದರು. ಕೈತೊಳೆಯುವಲ್ಲಿ ಅದೇ ಫಾರಂ ಮತ್ತೆ. ಮೇಜಿನ ಮುಂದೆ ಮತ್ತೆ. ಕೋರಿ ರೊಟ್ಟಿಯ ಕೋಳಿ ಸಾರಿನ ಪರಿಮಳ ಕೋಣೆಯೆಲ್ಲ ತುಂಬಿತ್ತು.

"ಬಾಗಿಲಲ್ಲಿ ಕೊಟ್ಟಿದ್ದೇನಲ್ಲ!" ಸಾಹೇಬ ಪೆನ್ನು ಎಸೆದ.

"ಅದು ಬಾಗಿಲಿನ ಕಾಗದ ಸಾಹೇಬರೇ. ಮೇಜಿಗೆ ಬೇರೆ ಅಸಲು ಬೇಕು."

ಅವನ ಮುಖ ಕೆಂಪಾದದ್ದನ್ನು ಕಣ್ತುಂಬ ನೋಡಿದೆ. ಆಮೇಲೆ ಅವನ ಫಾರಂ ಓದಿದೆ. ತಂದೆಯ ಊರು ಒಂದು, ಹುಟ್ಟಿದ್ದು ತಾಯಿಯ ತವರಲ್ಲಿ.

"ನಿಮ್ಮ ತಾಯಿ ನಿಮ್ಮ ತಂದೆಯನ್ನು ಬಿಟ್ಟುಹೋದದ್ದು ಯಾವಾಗ?" ಎಂದು ಕೇಳಿಯೇಬಿಟ್ಟೆ.

ಶೆಟ್ಟರು ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ವೀಸಾ ಹೋಯಿತು ಅಂದುಕೊಂಡೆ. ಸಾಹೇಬ ಕಾಗದವನ್ನು ಪಕ್ಕಕ್ಕೆ ಸರಿಸಿ, ನನ್ನ ಮುಂದಿದ್ದ ಪುಸ್ತಕದ ಕಡೆ ಬೆರಳು ತೋರಿದ. ಅದರಲ್ಲಿ ಏನಿದೆ, ಓದು ಎಂದ. ಓದುತ್ತ ಹೋದಂತೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ದೇಶದ ಕಚೇರಿಯವರು ಅಸಲು ಕೇಳುತ್ತಿದ್ದದ್ದು ವೀಸಾದವರು ಕೇಳುತ್ತಾರೆಂದು. ವೀಸಾದವರು ಕೇಳುತ್ತಿದ್ದದ್ದು ಆರೋಗ್ಯದವರಿಗೆ ಬೇಕೆಂದು. ಆರೋಗ್ಯದವನು ತಲೆ ಕೆರೆದುಕೊಂಡು, ಹಿಂದಿದ್ದವನು ಬಿಟ್ಟುಹೋದ ಪಟ್ಟಿಯಲ್ಲಿತ್ತು, ನಾನೂ ಕೇಳುತ್ತ ಬಂದೆ ಎಂದ. ಅಸಲನ್ನು ಮೊದಲು ನೋಡಿದವರು ನಕಲಿಗೆ ಮುದ್ರೆ ಒತ್ತುವುದು, ಉಳಿದವರು ಅದನ್ನೇ ಒಪ್ಪುವುದು ಎಂದು ಊಟದ ಹೊತ್ತಿಗೇ ಮಾತಾಯಿತು. ಜಾರಿಗೆ ಬರಲು ಕೆಲವು ತಿಂಗಳು ಹಿಡಿಯಿತು. ಸಾಹೇಬ ನನ್ನ ಮುಖ ನೋಡದೆ ನನ್ನ ಅರ್ಜಿಗೆ ಸಹಿ ಹಾಕಿದ. ನಾನು ಅವನನ್ನು ಇಂದಿಗೂ ಕ್ಷಮಿಸಿಲ್ಲ.

ವಿಮಾನ ನಿಲ್ದಾಣದಲ್ಲಿ ಸಫಿಯಾ ತಾಯಿಯ ಬುರ್ಖಾದ ಹಿಂದೆ ಅಡಗಿಕೊಂಡಳು.

"ನಿನ್ನ ಅಬ್ಬ ಇವರೇ, ಹೋಗು," ಎಂದಳು ಝೊಹರಾ.

"ಅಲ್ಲ," ಎಂದಿತು ಮಗು. "ಅಬ್ಬ ಮೂಡುಬಿದಿರೆಯಲ್ಲಿ ಗೋಡೆಯಲ್ಲಿ ಇದ್ದಾರೆ."

ಮದುವೆಯ ವರ್ಷ ತೆಗೆಸಿದ ನನ್ನ ಫೋಟೊ ಅದು. ಮೂರು ವರ್ಷ ಅವಳು ಸಲಾಂ ಹೇಳಿ ಮಲಗುತ್ತಿದ್ದದ್ದು ಅದಕ್ಕೆ. ನಾನು ಪೆಟ್ಟಿಗೆಗಳನ್ನು ಎತ್ತಿಕೊಂಡು, ಅವರಿಬ್ಬರಿಂದ ಎರಡು ಹೆಜ್ಜೆ ದೂರದಲ್ಲಿ, ಟ್ಯಾಕ್ಸಿಯ ಕಡೆಗೆ ನಡೆದೆ.